ಛತ್ರದ ಎದುರಿನ ಮೆಡಿಕಲ್ ಅಂಗಡಿಯಿಂದ ಮದುವೆ ಲೈವ್: ನನ್ನ ಅನುಭವ

ಮದುವೆಯನ್ನು ನೆಟ್‌ನಲ್ಲಿ ಲೈವ್ ತೋರಿಸುವುದು ಅಂದರೆ ನಮ್ಮ ತಿಪಟೂರು ಕಡೆ ಸ್ಟುಡಿಯೋದವರು ಇವತ್ತಿಗೂ ಮೂಗು ಮುರಿಯುತ್ತಾರೆ. "ಮುಹೂರ್ತದ ಹೊತ್ತಿಗೆ ಸರಿಯಾಗಿ ಚಕ್ರ ಸುತ್ತುತ್ತೆ ನೋಡು" ಅಂತ ನಮ್ಮವರೇ ಒಬ್ಬರು ನಾಲ್ಕು ಜನರ ಮುಂದೆ ನಕ್ಕಿದ್ದರು. ಅವರ ತಪ್ಪಲ್ಲ, ಆಗ ಹಾಗೇ ಆಗುತ್ತಿತ್ತು. ಹೋದ ಸೀಸನ್‌ನಲ್ಲಿ ನಾನು 30ರ ಹತ್ತಿರ ಮದುವೆ ಲೈವ್ ಮಾಡಿದೆ. ತಾಳಿ ಕಟ್ಟುವಾಗ ನಿಂತುಹೋಗಿದ್ದು ಒಂದೂ ಇಲ್ಲ. ನಕ್ಕವರು ಈಗ ಫೋನ್ ಮಾಡಿ "ಯಾವ ಡಾಂಗಲ್ ಹಾಕ್ತೀಯಪ್ಪಾ?" ಅಂತ ಕೇಳುತ್ತಾರೆ. ಡಾಂಗಲ್, ಅಂದರೆ ಸಿಮ್ ಹಾಕಿ ನೆಟ್ ಪಡೆಯುವ ಪುಟ್ಟ ಡಬ್ಬಿ, ಅದರ ಮೇಲೆ ನನ್ನ ಲೈವ್ ನಡೆಯುವುದೇ ಇಲ್ಲ ಅಂದರೆ ನಂಬುವುದಿಲ್ಲ.

ಶುರುವಾಗಿದ್ದು 2020ರಲ್ಲಿ. ಮದುವೆಗೆ 50 ಜನ ಮಾತ್ರ ಅನ್ನುವ ಕಾಲ. ಒಬ್ಬ ಹುಡುಗಿಯ ಅಪ್ಪ ಬಂದು "ಉಳಿದವರಿಗೆ ಫೋನಲ್ಲೇ ತೋರಿಸಿ ಸಾರ್" ಅಂದರು. ಟ್ರೈಪಾಡ್ ಮೇಲೆ ನನ್ನ ಫೋನ್ ಇಟ್ಟು ಫೇಸ್‌ಬುಕ್ ಲೈವ್ ಹಾಕಿದೆ. ಗಟ್ಟಿಮೇಳ ಗಟ್ಟಿಮೇಳ ಅಂತ ಪುರೋಹಿತರು ಕೂಗಿದರು, ಅದೇ ಹೊತ್ತಿಗೆ ನನ್ನ ಫೋನಿಗೆ ಕರೆ ಬಂತು. ಲೈವ್ ಕಟ್. ಕರೆ ಮಾಡಿದ್ದು ಯಾರು ಗೊತ್ತಾ? ಹುಡುಗಿಯ ಚಿಕ್ಕಪ್ಪ. "ಲೈವ್ ಚೆನ್ನಾಗಿ ಬರ್ತಿದೆ" ಅಂತ ಹೇಳೋಕೆ.

ಆಮೇಲೆ ಲ್ಯಾಪ್‌ಟಾಪ್, ಲೈವ್ ಕಳಿಸುವ ಓಬಿಎಸ್ ಸಾಫ್ಟ್‌ವೇರ್, ಕ್ಯಾಮೆರಾದ ಚಿತ್ರವನ್ನು ಲ್ಯಾಪ್‌ಟಾಪಿಗೆ ತರುವ ಕ್ಯಾಪ್ಚರ್ ಕಾರ್ಡ್ ಎಲ್ಲ ಬಂದವು. ಒಂದು ಮದುವೆಯಲ್ಲಿ ಕ್ಯಾಮೆರಾ ಪರದೆಯ ಗುರುತುಗಳು ಲೈವ್‌ಗೂ ಹೋಗುವಂತೆ ಮಾಡುವ ಎಚ್‌ಡಿಎಂಐ ಡಿಸ್‌ಪ್ಲೇ ಆಫ್ ಮಾಡಲು ಮರೆತೆ. ಅರ್ಧ ಗಂಟೆ ಮದುಮಗಳ ಮುಖದ ಮೇಲೆ ಫೋಕಸ್ ಚೌಕ, ಮೂಲೆಯಲ್ಲಿ ಬ್ಯಾಟರಿ ಗುರುತು. ನೋಡುತ್ತಿದ್ದ ಒಬ್ಬರು "ಚಾರ್ಜ್ ಕಮ್ಮಿ ಇದೆ" ಅಂತ ಕಾಮೆಂಟ್ ಹಾಕಿದ ಮೇಲೇ ನನಗೆ ಗೊತ್ತಾಗಿದ್ದು.

ಅಸಲಿ ತಲೆನೋವು ನೆಟ್. ಬೆಳಿಗ್ಗೆ 6 ಗಂಟೆಗೆ ಛತ್ರದಲ್ಲಿ ಸ್ಪೀಡ್ ನೋಡಿದರೆ ಅಪ್‌ಲೋಡ್ 20 ಎಂಬಿಪಿಎಸ್ ಮೇಲೆ. ಖುಷಿಯೋ ಖುಷಿ. ಮುಹೂರ್ತದ ಹೊತ್ತಿಗೆ ಒಂದಕ್ಕೂ ಬರುತ್ತಿರಲಿಲ್ಲ. ನಾನು ಸಿಮ್ ಬದಲಿಸಿದೆ, ಎರಡು ಕಂಪನಿಯ ಡಾಂಗಲ್ ಕೊಂಡೆ, ಆಂಟೆನಾ ಕೊಂಡು ಕಿಟಕಿಗೆ ಕಟ್ಟಿದೆ. ಸುಮಾರು 18,000 ನೀರಲ್ಲಿ ಹೋಮ. ಒಂದು ದಿನ ಸ್ಟೇಜ್ ಮೇಲಿಂದ ಜನರ ಕಡೆ ತಿರುಗಿ ನೋಡಿದಾಗ ತಲೆಗೆ ಹೊಳೆಯಿತು. 600 ಜನ, ಎಲ್ಲರ ಕೈಯಲ್ಲೂ ಫೋನ್, ಎಲ್ಲರೂ ತಾಳಿ ಕಟ್ಟುವ ವಿಡಿಯೋ ತೆಗೆದು ಆಗಲೇ ಸ್ಟೇಟಸ್‌ಗೆ ಹಾಕುತ್ತಿದ್ದಾರೆ. ಟವರ್ ಒಂದೇ. ನನ್ನ ಸಿಮ್ಮೂ ಅದೇ ಸಾಲಿನಲ್ಲಿ ನಿಂತಿದೆ. ಎಷ್ಟು ಡಾಂಗಲ್ ಹಾಕಿದರೂ ಅದೇ ಕಥೆ ಅಲ್ವಾ?

ಆ ಛತ್ರದ ಎದುರು ಒಂದು ಮೆಡಿಕಲ್ ಅಂಗಡಿ ಇದೆ. ಅಲ್ಲಿ ಫೈಬರ್ ಕನೆಕ್ಷನ್ ಇತ್ತು. ಮುಂದಿನ ಮದುವೆಗೆ ಒಂದು ದಿನ ಮೊದಲು ಹೋಗಿ "500 ರೂಪಾಯಿ ಕೊಡ್ತೀನಿ, ನಾಳೆ ಮಧ್ಯಾಹ್ನದವರೆಗೆ ನಿಮ್ಮ ನೆಟ್ ಕೊಡಿ" ಅಂದೆ. ಅವರು ಪಾಸ್‌ವರ್ಡ್ ಕೊಡೋಕೆ ಹೊರಟರು. ಪಾಸ್‌ವರ್ಡ್ ಬೇಡ, ವೈರ್ ಎಳೀತೀನಿ ಅಂದೆ. ನನ್ನ ಹುಡುಗನೇ ನಕ್ಕ. ಕೇಬಲ್ ಟಿವಿ ಹುಡುಗನಿಗೆ 300 ಕೊಟ್ಟು ರಸ್ತೆ ಮೇಲಿಂದ, ಬೇವಿನ ಮರಕ್ಕೆ ಒಂದು ಕಟ್ಟು ಹಾಕಿಸಿ ಎಳೆಸಿದೆ. ಆವತ್ತು ಐದು ಗಂಟೆ ಕಾಲ ಲೈವ್ ಒಂದು ಸಲವೂ ನಿಲ್ಲಲಿಲ್ಲ.

ಅಷ್ಟೇ ನನ್ನ ವಿದ್ಯೆ. ಈಗ ಮದುವೆ ಒಪ್ಪಿಕೊಂಡ ಕೂಡಲೇ ನಾನು ಹುಡುಕುವುದು ಛತ್ರವನ್ನಲ್ಲ, ಅದರ ಅಕ್ಕಪಕ್ಕದ ಮನೆ, ಅಂಗಡಿಗಳನ್ನು. 305 ಮೀಟರ್ ಲ್ಯಾನ್ ಕೇಬಲ್ (ನೆಟ್ ವೈರ್) ಬಾಕ್ಸ್ 8,000ದ ಆಸುಪಾಸಿಗೆ ಬಂತು. ಮೂರು ತುಂಡು ಮಾಡಿಕೊಂಡೆ. ನೂರು ಮೀಟರ್ ದಾಟಿದರೆ ಲ್ಯಾನ್ ಕೇಬಲ್ ನಂಬಬೇಡಿ. ಚಿತ್ರದ ಕ್ವಾಲಿಟಿ 720, ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾ, 2,500 ಕೆಬಿಪಿಎಸ್. ಮೊದಲು ನಾನೂ 1080, 6,000 ಅಂತ ಮೆರೆದವನೇ. ನೋಡುವವರು ಅರ್ಧಕ್ಕರ್ಧ ಫೋನಲ್ಲಿ ನೋಡುತ್ತಾರೆ, ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ.

ವೈರಿನ ಕಷ್ಟ ಬೇರೆ. ಒಂದು ಕಡೆ ಅಡುಗೆಯವರು ಅದರ ಮೇಲೆ ಸಾರಿನ ಕೊಳದಪ್ಪಲೆ ಇಳಿಸಿಬಿಟ್ಟರು. ಇನ್ನೊಂದು ಕಡೆ ಕರೆಂಟ್ ಹೋಯಿತು. ಛತ್ರಕ್ಕೆ ಜನರೇಟರ್ ಇದೆ, ನಾನು ನಿಶ್ಚಿಂತೆ. ಎದುರುಮನೆಯ ರೌಟರ್‌ಗೆ ಎಲ್ಲಿಂದ ಬರಬೇಕು ಜನರೇಟರ್? ಕಾಶಿಯಾತ್ರೆ ಪೂರ್ತಿ ಹೋಯಿತು. ಪುಣ್ಯಕ್ಕೆ ಮುಹೂರ್ತ ಆಗಿರಲಿಲ್ಲ. ಈಗ 1,500 ರೂಪಾಯಿಯ ಪುಟ್ಟ ಯುಪಿಎಸ್ ಒಂದನ್ನು ಅವರ ರೌಟರ್‌ಗೆ ನಾನೇ ಸಿಕ್ಕಿಸುತ್ತೇನೆ. ಎರಡು ಸಲ ನೆಟ್ ಕೊಡುವವರ ಕಡೆಯೇ ಲೈನ್ ಹೋಗಿತ್ತು, ಆಗ ಹಳೆ ಡಾಂಗಲ್ಲೇ ಕೈ ಹಿಡಿಯಿತು. ಆರತಕ್ಷತೆ ಹೊತ್ತು ಆದ್ದರಿಂದ ಎಲ್ಲರೂ ಒಟ್ಟಿಗೆ ವಿಡಿಯೋ ಹಾಕುತ್ತಿರಲಿಲ್ಲ.

ಸೌಂಡ್ ಬಗ್ಗೆ ಒಂದು ಮಾತು. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಮಂತ್ರ, ವಾಲಗ ಕೇಳಿಸದಿದ್ದರೆ ಎರಡು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಮೈಕ್‌ಸೆಟ್ಟಿನವನನ್ನು ಮೊದಲು ಮಾತಾಡಿಸಿ, ಒಂದು ಕಾಫಿ ಕುಡಿಸಿ, ಅವನ ಸೆಟ್ಟಿನಿಂದ ಸೌಂಡ್ ಬರುವ ಲೈನ್ ಇಸಿದುಕೊಳ್ಳಿ. ಪುರೋಹಿತರಿಗೆ ಒಂದು ಕಾಲರ್ ಮೈಕ್ ಹಾಕಿ ನೋಡಿದ್ದೆ. ದಕ್ಷಿಣೆ ಕಮ್ಮಿ ಆಯಿತು ಅಂತ ಅವರು ಜೊತೆಯವರಿಗೆ ಪಿಸುಗುಟ್ಟಿದ್ದು ಬೀಗರ ಮನೆ ಟಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಆ ಪ್ರಯೋಗ ಅಲ್ಲಿಗೇ ಮುಗಿಯಿತು. ಗಟ್ಟಿಮೇಳ ಹೊಡೆಯುವಾಗ ಸೌಂಡ್ ಒಡೆಯದ ಹಾಗೆ ನಾನು ಮಾಡುವುದೊಂದು ಇದೆ. ಅದು ನನ್ನ ಹತ್ತಿರವೇ ಇರಲಿ.

ಡಿಜೆ ಹಾಡು ಶುರುವಾಯಿತೋ, ಲೈನ್ ಕಿತ್ತು ಕ್ಯಾಮೆರಾ ಮೈಕಿಗೆ ಬನ್ನಿ, ಅದನ್ನೂ ಸಣ್ಣ ಮಾಡಿ. ಒಮ್ಮೆ ಆರತಕ್ಷತೆಯಲ್ಲಿ ಸಿನಿಮಾ ಹಾಡು ಜೋರಾಗಿ ಹೋಗಿ, ಹಾಡಿನ ಹಕ್ಕು ಬೇರೆಯವರದು ಅಂತ ಯೂಟ್ಯೂಬ್ ನನ್ನ ಲೈವ್ ತೆಗೆದು ಒಂದು ಚಿತ್ರ ನಿಲ್ಲಿಸಿತು. ಬೀಗರು ದುಡ್ಡಲ್ಲಿ 2,000 ಹಿಡಿದುಕೊಂಡರು. ಲಗ್ನಪತ್ರಿಕೆಯಲ್ಲಿ ಕ್ಯೂಆರ್ ಹಾಕಿಸುವವರೂ ಹುಷಾರು. ಲೈವ್ ಕಟ್ಟಾಗಿ ಹೊಸದಾಗಿ ಶುರು ಮಾಡಿದರೆ ಲಿಂಕ್ ಬದಲಾಗುತ್ತದೆ, ಪತ್ರಿಕೆ ಆಗಲೇ ಹಂಚಿ ಆಗಿರುತ್ತದೆ. ನಾನು ಪತ್ರಿಕೆಗೆ ಕೊಡುವುದು ಯೂಟ್ಯೂಬ್ ಲಿಂಕ್ ಅಲ್ಲ. ಏನು ಕೊಡುತ್ತೇನೆ ಅಂತ ಯೋಚನೆ ಮಾಡಿ, ಸಿಕ್ಕೇ ಸಿಗುತ್ತದೆ. ಇನ್ನು ಮನೆಯವರ ಹೊಸ ಚಾನೆಲ್‌ನಲ್ಲೇ ಬೇಕು ಅಂದರೆ ಎರಡು ದಿನ ಮೊದಲೇ ಲೈವ್ ಆನ್ ಮಾಡಿಸಿ. ಮೊದಲ ಸಲ ಒಂದಿಡೀ ದಿನ ಕಾಯಿಸುತ್ತದೆ ಯೂಟ್ಯೂಬ್.

ಲೇಟೆನ್ಸಿ, ಅಂದರೆ ಇಲ್ಲಿ ನಡೆದದ್ದು ಅಲ್ಲಿ ಕಾಣಿಸುವಷ್ಟರಲ್ಲಿ ಆಗುವ ತಡ, ಕಮ್ಮಿ ಮಾಡುವ ಹುಚ್ಚೂ ಒಮ್ಮೆ ಹಿಡಿದಿತ್ತು. ಕಮ್ಮಿ ಮಾಡಿದಷ್ಟೂ ನೋಡುವವರಿಗೆ ತಡವರಿಸುತ್ತದೆ. ಬಿಟ್ಟುಬಿಟ್ಟೆ. ಮಗಳ ಬಾಣಂತನಕ್ಕೆ ಡಲ್ಲಾಸ್‌ಗೆ ಹೋಗಿದ್ದ ಒಬ್ಬ ದೊಡ್ಡಮ್ಮ ಇದ್ದರು. ಮೇ ತಿಂಗಳು, ಇಲ್ಲಿ ಬೆಳಿಗ್ಗೆ 9.40ರ ಮುಹೂರ್ತ, ಅಲ್ಲಿ ಹಿಂದಿನ ರಾತ್ರಿ 11.10. ಸೀರೆ ಉಟ್ಟು ಟಿವಿ ಮುಂದೆ ಅಕ್ಷತೆ ಹಿಡಿದು ಕೂತಿದ್ದರಂತೆ. ಅರ್ಧ ನಿಮಿಷ ತಡವಾಗಿ ಟಿವಿ ಮೇಲೆ ಅಕ್ಷತೆ ಹಾಕಿದರು. ಅವರ ಮಗಳು ಅದನ್ನೇ ವಿಡಿಯೋ ಮಾಡಿ ಕಳಿಸಿದಳು. ನನ್ನ ರೀಲ್‌ಗಿಂತ ಆ ವಿಡಿಯೋನೇ ಮದುವೆ ಮನೆಯಲ್ಲಿ ಜಾಸ್ತಿ ಓಡಿತು.

ರೀಲ್ ಅಂದಾಗ ನೆನಪಾಯಿತು. ಎರಡನೇ ಪಂಕ್ತಿ ಏಳುವ ಮೊದಲು ಒಂದು ನಿಮಿಷದ ರೀಲ್ ಮದುಮಗಳ ಕೈಗೆ ಕೊಡುತ್ತೇನೆ. ಐಫೋನಲ್ಲಿ ತೆಗೆಯುವವರು ವಿಡಿಯೋದ ಹೊಳಪು, ಬಣ್ಣ ಹೆಚ್ಚಿಸುವ ಎಚ್‌ಡಿಆರ್ ಆಫ್ ಮಾಡಿ, ಇಲ್ಲದಿದ್ದರೆ ರೇಷ್ಮೆ ಸೀರೆ ಬೂದಿ ಬಣ್ಣಕ್ಕೆ ತಿರುಗಬಹುದು. ವಾಟ್ಸಾಪಲ್ಲಿ ಕ್ವಾಲಿಟಿ ಇಳಿಯದ ಹಾಗೆ ಡಾಕ್ಯುಮೆಂಟ್ ಅಂತಲೇ ಕಳಿಸಿ. ಹಾಡು ಹಾಕಿ ಇನ್‌ಸ್ಟಾಗ್ರಾಂಗೆ ಪೋಸ್ಟ್ ಮಾಡುವುದು ಮದುಮಗಳೇ. ನಮ್ಮ ಬಿಸಿನೆಸ್ ಅಕೌಂಟಿಗೆ ಒಳ್ಳೆ ಹಾಡು ಸಿಗುವುದಿಲ್ಲ, ಅವಳು ನಮ್ಮನ್ನು ಕೊಲ್ಯಾಬ್ ಮಾಡಿದರೆ, ಅಂದರೆ ಆ ಪೋಸ್ಟಿಗೆ ನಮ್ಮ ಹೆಸರನ್ನೂ ಸೇರಿಸಿಕೊಂಡರೆ ಸಾಕು. ಯಾರನ್ನು ತೋರಿಸಬಾರದು ಅಂತ ಮೊದಲೇ ಕೇಳಿಬಿಡಿ. ನಾನು ಕೇಳದೆ, ಆಫೀಸಿಗೆ ಹುಷಾರಿಲ್ಲ ಅಂತ ರಜೆ ಹಾಕಿ ಬಂದು ಕುಣಿದ ಒಬ್ಬ ಭಾವನನ್ನು ರೀಲಲ್ಲಿ ಹಾಕಿ ಬೈಸಿಕೊಂಡಿದ್ದೇನೆ.

ಲೆಕ್ಕ ಹೇಳುವುದಾದರೆ, ಮೊದಲ ವರ್ಷ ಲೈವ್‌ಗೆ 3,000 ಕೇಳಿದರೂ ಚೌಕಾಸಿ. ಈಗ ಲೈವ್, ರೀಲ್ ಸೇರಿ 12,000. ಖರ್ಚು ಹುಡುಗನ ಕೂಲಿ, ವೈರು, ನೆಟ್ ಎಲ್ಲ ಕೂಡಿ 3,000 ದಾಟಲ್ಲ. ಮೆಡಿಕಲ್ ಅಂಗಡಿಯವರು ಈಗ 500 ಜೊತೆಗೆ ಊಟವೂ ಕೇಳುತ್ತಾರೆ. ಯಾವ ಮದುವೆಯಲ್ಲಿ ಹೋಳಿಗೆ ಅಂತ ಅವರಿಗೆ ನನಗಿಂತ ಮೊದಲೇ ಗೊತ್ತಿರುತ್ತದೆ.

ಮುಂದಿನ ವಾರ ತುರುವೇಕೆರೆ ಕಡೆ ಒಂದು ಮದುವೆ. ಮೊನ್ನೆ ಹೋಗಿ ನೋಡಿ ಬಂದೆ. ಛತ್ರದ ಸುತ್ತ ತೆಂಗಿನ ತೋಟ, ಹತ್ತಿರದ ಮನೆ ಅರ್ಧ ಕಿಲೋಮೀಟರ್ ದೂರ. ಹುಡುಗ "ಈಗೇನ್ ಮಾಡ್ತೀರಣ್ಣಾ?" ಅಂತ ಕೇಳುತ್ತಿದ್ದಾನೆ. ತೋಟದ ಪಂಪ್‌ಸೆಟ್ ಮನೆ ಮೇಲೆ ಏನೋ ಒಂದು ಕಟ್ಟಿ ನೋಡೋಣ ಅಂತ ಇದ್ದೇನೆ.