ವಿಮಾನ ಹುಟ್ಟುವ ಊರಿಗೆ ಶಿರಸಿಯಿಂದ ಹೋಗುವುದು ಹೇಗೆ?

ನನ್ನ ಅಕ್ಕನ ಮಗನಿಗೆ ವಿಮಾನದ ಹುಚ್ಚು. ಅಡಿಕೆ ತೋಟದಲ್ಲಿ ನಿಂತು, ತಲೆ ಎತ್ತದೆ, ಸದ್ದಿನ ಮೇಲೇ ಮೇಲೆ ಹೋಗುತ್ತಿರುವುದು ಯಾವ ವಿಮಾನ ಎಂದು ಹೇಳುತ್ತಾನೆ. ಒಂದು ದಿನ ಫೋನ್ ಮಾಡಿ, "ಮಾವಾ, ಫ್ರಾನ್ಸಿಗೆ ಟಿಕೆಟ್ ಮಾಡ್ಸಿದ್ದಿ!" ಅಂದ. ಅಲ್ಲಿನ ಟುಲೂಸ್ ಊರಿನ ಏರ್‌ಬಸ್ ಕಂಪನಿಯ ವಿಮಾನ ಕಾರ್ಖಾನೆ ನೋಡುವ ಆಸೆ. ಕಾರ್ಖಾನೆ ಟೂರ್ ಬುಕ್ ಆಯಿತಾ ಎಂದು ಕೇಳಿದೆ. ಅದನ್ನು ಅಲ್ಲಿಗೆ ಹೋದ ಮೇಲೆ ನೋಡಿದರಾಯಿತು ಎಂದ. ಅವನಿಗೆ ಟುಲೂಸ್‌ನಲ್ಲಿ ಸಿಕ್ಕಿದ್ದು ನಾಲ್ಕು ದಿನ. ಒಂದು ಮೇ 1, ಒಂದು ಭಾನುವಾರ. ನಡುವಿನ ಎರಡು ದಿನ ಇಂಗ್ಲಿಷ್ ಟೂರ್ ಪೂರ್ತಿ ಭರ್ತಿ. ಅಷ್ಟು ದೂರ ಹೋಗಿ ಕಾರ್ಖಾನೆಯ ಗೋಡೆ ನೋಡಿ ಬಂದ.

ಇಂಥವರನ್ನು ಇನ್ನೂ ಇಬ್ಬರನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಕಾರವಾರಕ್ಕೆ ಹೋಗಿ

ಲಕ್ಷಗಟ್ಟಲೆ ಸುರಿಯುವ ಮೊದಲು ನಿಮ್ಮ ಹುಚ್ಚು ಎಷ್ಟು ಗಟ್ಟಿ ಎಂದು ನೋಡಿಕೊಳ್ಳಿ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಟುಪೊಲೆವ್ 142 ವಿಮಾನ ನಿಂತಿದೆ. ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ದುಡಿದ ಜಾತಿ ಅದು. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿ ಬಿಡಿಯಾಗಿ ಲಾರಿಯಲ್ಲಿ ತಂದು ಇಲ್ಲಿ ಜೋಡಿಸಿದರು. ಎಂಜಿನ್ ನಾಲ್ಕು, ಪ್ರೊಪೆಲ್ಲರ್ ಎಂಟು. ಒಂದೊಂದು ಎಂಜಿನ್ನಿಗೂ ಎರಡೆರಡು, ಒಂದರ ಹಿಂದೊಂದು, ವಿರುದ್ಧ ದಿಕ್ಕಿನಲ್ಲಿ ತಿರುಗುವಂಥವು. ಇದರ ಕೆಳಗೆ ನಿಂತು ಅರ್ಧ ಗಂಟೆಗೇ ಆಕಳಿಕೆ ಬಂದರೆ ಫ್ರಾನ್ಸ್ ಬಿಡಿ, ಗೋಕರ್ಣಕ್ಕೆ ಹೋಗಿ ಆರಾಮಾಗಿ ಬನ್ನಿ.

ಆಕಳಿಕೆ ಬರದಿದ್ದರೆ ಮುಂದೆ ಗೋವಾದ ದಾಬೋಳಿಯಲ್ಲಿ ನೌಕಾಪಡೆಯ ವಿಮಾನ ಸಂಗ್ರಹಾಲಯ ಇದೆ. ಸೋಮವಾರ ಬೇಡ, ಬಾಗಿಲು ಹಾಕಿರುತ್ತದೆ. ಅಲ್ಲಿರುವ ಸೂಪರ್ ಕಾನ್‌ಸ್ಟಲೇಶನ್ ವಿಮಾನದ ಮೂರು ಬಾಲ ನೋಡದೆ ಬರಬೇಡಿ.

ಹೆಜ್ಜೆ 2: ಟಿಕೆಟ್ ಅಲ್ಲ, ಟೂರ್ ದಿನ

ಎಲ್ಲರೂ ಎಡವುವುದು ಇಲ್ಲೇ. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಕುಣಿಯುತ್ತಾರೆ. ಟಿಕೆಟ್ ಪ್ರತಿದಿನ ಸಿಗುತ್ತದೆ, ಕಾರ್ಖಾನೆ ಪ್ರತಿದಿನ ಸಿಗುವುದಿಲ್ಲ. ಮೊದಲು ಟೂರಿನ ದಿನ ಗೊತ್ತು ಮಾಡಿ, ಆಮೇಲೆ ಒಂದೊಂದೇ ಹಿಂದಕ್ಕೆ ಎಣಿಸುತ್ತ ಬನ್ನಿ.

ನಮ್ಮ ಕಡೆ ಹೊರಡಲು ಪುರುಸೊತ್ತು ಸಿಗುವುದು ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿದು ಮಕ್ಕಳಿಗೆ ರಜೆ ಬಿದ್ದ ಮೇಲೆ. ಅಂದರೆ ಏಪ್ರಿಲ್, ಮೇ. ಮೇ ತಿಂಗಳಲ್ಲಿ ಫ್ರಾನ್ಸಿನವರಿಗೆ ರಜೆಯ ಸುಗ್ಗಿ. 1ಕ್ಕೆ ಕಾರ್ಮಿಕರ ದಿನ, 8ಕ್ಕೆ ಎರಡನೇ ಮಹಾಯುದ್ಧ ಗೆದ್ದ ದಿನ. ಅದಲ್ಲದೆ ಈಸ್ಟರ್ ಆಗಿ ಮೂವತ್ತೊಂಬತ್ತನೇ ದಿನ ಕ್ರಿಸ್ತ ಸ್ವರ್ಗಕ್ಕೇರಿದ ಹಬ್ಬ. ಅದು ಯಾವಾಗಲೂ ಗುರುವಾರವೇ ಬರುತ್ತದೆ. ಗುರುವಾರ ರಜೆ ಬಂದರೆ ಶುಕ್ರವಾರವನ್ನೂ ಸೇರಿಸಿ ನಾಲ್ಕು ದಿನ ಮಾಡಿಕೊಳ್ಳುವುದು ಅಲ್ಲಿನ ರೂಢಿ. ಅದನ್ನು ಅವರು ಸೇತುವೆ ಕಟ್ಟುವುದು ಎನ್ನುತ್ತಾರೆ. ನಮ್ಮ ಸರ್ಕಾರಿ ಕಚೇರಿಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ, ಅಲ್ವಾ?

ಹಾಗಾಗಿ ಕ್ಯಾಲೆಂಡರ್ ಬಿಚ್ಚಿ ಈ ದಿನಗಳಿಗೆ ಅಡ್ಡಗೆರೆ ಎಳೆಯಿರಿ. ಭಾನುವಾರಗಳನ್ನೂ ಹೊಡೆಯಿರಿ. ಶನಿವಾರ ಟೂರ್ ಸಿಕ್ಕರೂ ನಾನು ಬೇಡ ಎನ್ನುತ್ತೇನೆ. ಕೆಲಸಗಾರರಿಲ್ಲದ ಕಾರ್ಖಾನೆ ನೋಡುವುದೂ ಒಂದೇ, ಗದ್ದಲ ಮುಗಿದ ಜಾತ್ರೆ ಪೇಟೆ ನೋಡುವುದೂ ಒಂದೇ. ಮಂಗಳವಾರ ಅಥವಾ ಬುಧವಾರ ಹಿಡಿಯಿರಿ. ಬುಕ್ ಮಾಡುವಾಗ ಇಂಗ್ಲಿಷ್ ಟೂರ್ ಎಂದು ನೋಡಿ ಒತ್ತಿ. ಫ್ರೆಂಚ್ ಟೂರೇ ಜಾಸ್ತಿ. ಆತುರದಲ್ಲಿ ಅದನ್ನೇ ಒತ್ತಿದರೆ ಸುಮ್ನೆ ತಲೆಯಾಡಿಸುತ್ತ ನಿಲ್ಲಬೇಕು.

ಊರು ತಲುಪಿದ ಮರುದಿನಕ್ಕೆ ಟೂರ್ ಇಟ್ಟುಕೊಳ್ಳಬೇಡಿ. ಭಾರತದಿಂದ ಟುಲೂಸ್‌ಗೆ ನೇರ ವಿಮಾನ ಇಲ್ಲ. ಪ್ಯಾರಿಸ್, ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್ ಇಂಥ ಕಡೆ ಬದಲಿಸಬೇಕು. ಒಂದು ತಪ್ಪಿದರೆ ಒಂದು ದಿನ ಹೋಯಿತು. ಟೂರ್ ಮೂರನೇ ದಿನಕ್ಕಿರಲಿ.

ಹೆಜ್ಜೆ 3: ಹೆಸರು

ಇದು ನಮ್ಮ ಜಿಲ್ಲೆಯವರಿಗೇ ಹೇಳಿ ಮಾಡಿಸಿದ ತೊಡಕು. ಶಾಲೆಯ ದಾಖಲೆಯಲ್ಲಿ ಗಣಪತಿ ಸುಬ್ರಾಯ ಹೆಗಡೆ, ಆಧಾರ್‌ನಲ್ಲಿ ಜಿ. ಎಸ್. ಹೆಗಡೆ, ಪಾಸ್‌ಪೋರ್ಟಿನಲ್ಲಿ ಬರೀ ಗಣಪತಿ, ಅಡ್ಡಹೆಸರಿನ ಜಾಗ ಖಾಲಿ. ವಿಮಾನದ ಟಿಕೆಟ್, ವಿಮೆ, ವೀಸಾ ಅರ್ಜಿ, ಕಾರ್ಖಾನೆ ಟೂರ್ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ, ಅದೇ ಅಕ್ಷರದಲ್ಲೇ ಇರಬೇಕು. ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಒಂದೊಂದು ವಿಮಾನ ಕಂಪನಿ ಒಂದೊಂದು ಥರ ಬರೆಸುತ್ತದೆ. ಊಹಿಸಿ ಬರೆಯಬೇಡಿ, ಅವರನ್ನೇ ಕೇಳಿ. ಇನ್ನೂ ಆರು ತಿಂಗಳು ಕೈಯಲ್ಲಿದ್ದರೆ ಪಾಸ್‌ಪೋರ್ಟನ್ನೇ ಅಡ್ಡಹೆಸರು ಸೇರಿಸಿ ಹೊಸದು ಮಾಡಿಸಿ. ಒಮ್ಮೆ ಮಾಡಿಸಿದರೆ ಜೀವಮಾನದ ರಗಳೆ ಹೋಯಿತು.

ಹೆಜ್ಜೆ 4: ವೀಸಾ

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದರೆ ತಡವಾಯಿತು. ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಕೇಂದ್ರದವರ ಸೇವಾ ಶುಲ್ಕ ಬೇರೆ. 30,000 ಯೂರೋ ವೈದ್ಯಕೀಯ ಖರ್ಚು ತುಂಬುವ ಪ್ರವಾಸ ವಿಮೆ ಇರಲೇಬೇಕು.

ತೋಟದವರಿಗೆ ಒಂದು ಮಾತು. ನಮ್ಮ ದುಡ್ಡು ಸಂಬಳದ ಹಾಗೆ ತಿಂಗಳು ತಿಂಗಳು ಬರುವುದಿಲ್ಲ. ಸೊಸೈಟಿಯಲ್ಲಿ ಅಡಿಕೆ ವ್ಯಾಪಾರ ಆದಾಗ ಒಮ್ಮೆಲೇ ಬೀಳುತ್ತದೆ. ಬ್ಯಾಂಕ್ ಲೆಕ್ಕ ನೋಡುವ ಅಧಿಕಾರಿಗೆ ಅದು ವೀಸಾಕ್ಕಾಗಿ ಯಾರಿಂದಲೋ ತಂದು ತುಂಬಿದ ಸಾಲದ ಹಾಗೆ ಕಾಣುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಎಷ್ಟೋ ಜನರ ಹತ್ತಿರ ರಿಟರ್ನ್ಸ್ ಕಾಗದವೂ ಇರುವುದಿಲ್ಲ. ಸೊಸೈಟಿಯ ಮಾರಾಟದ ಬಿಲ್ಲು, ಪಹಣಿ, ಅವುಗಳ ಇಂಗ್ಲಿಷ್ ಅನುವಾದ, ಜೊತೆಗೆ ಅಡಿಕೆ ದುಡ್ಡು ವರ್ಷಕ್ಕೆ ಯಾವಾಗ ಬರುತ್ತದೆ ಎಂದು ಅರ್ಧ ಪುಟದ ವಿವರಣೆ ಇಡಿ. ನಾನು ಹಾಗೇ ಇಟ್ಟೆ. ಮರುಪ್ರಶ್ನೆ ಬರಲಿಲ್ಲ.

ಹೆಜ್ಜೆ 5: ಟಿಕೆಟ್ ಮತ್ತು ಕಿಟಕಿ

ಈಗ ಟಿಕೆಟ್ ತೆಗೆಯಿರಿ. ಇಡೀ ಪ್ರಯಾಣ ಒಂದೇ ಬುಕಿಂಗ್‌ನಲ್ಲಿರಲಿ. ನಾಲ್ಕು ಸಾವಿರ ಉಳಿಯಿತೆಂದು ಬೇರೆ ಬೇರೆ ಟಿಕೆಟ್ ತೆಗೆದವರು ಮೊದಲ ವಿಮಾನ ತಡವಾದಾಗ ಎರಡನೆಯದನ್ನು ಸ್ವಂತ ದುಡ್ಡಲ್ಲಿ ಮತ್ತೆ ಕೊಳ್ಳುತ್ತಾರೆ. ಬದಲಿಸುವ ಕಡೆ ಮೂರು ಗಂಟೆ ಬಿಡುವಿರಲಿ.

ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಡಿ. ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಹಾರಿ. ಬುಕ್ ಮಾಡುವಾಗ ವಿಮಾನದ ಮಾದರಿ ಎಟಿಆರ್ 72 ಎಂದು ಇರುವುದನ್ನೇ ಹುಡುಕಿ. ಜನ ಇದನ್ನು "ಫ್ಯಾನಿನ ವಿಮಾನ" ಎಂದು ಮೂಗು ಮುರಿಯುತ್ತಾರೆ. ಆ ವಿಮಾನ ಹುಟ್ಟುವುದೂ ನೀವು ಹೊರಟಿರುವ ಟುಲೂಸ್‌ನಲ್ಲೇ! ಅದರ ರೆಕ್ಕೆ ಮೇಲಿರುವುದರಿಂದ ಯಾವ ಕಿಟಕಿಯಲ್ಲಿ ಕೂತರೂ ನೆಲ ಕಾಣುತ್ತದೆ. ರೆಕ್ಕೆಯ ಕೆಳಗಿನ ಸಾಲು ಸಿಕ್ಕರೆ, ಇಳಿಯುವ ಮೊದಲು ಹೊಟ್ಟೆಯ ಗೂಡಿನಿಂದ ಗಾಲಿ ಹೊರಬಂದು ನೆಲ ಮುಟ್ಟುವವರೆಗೂ ಕಣ್ಣಾರೆ ನೋಡಬಹುದು. ದೊಡ್ಡ ಜೆಟ್‌ನಲ್ಲಿ ಎಷ್ಟು ದುಡ್ಡು ಕೊಟ್ಟರೂ ಇದು ಸಿಗುವುದಿಲ್ಲ. ತೀರಾ ಮುಂದಿನ ಸಾಲು ಬೇಡ, ಪ್ರೊಪೆಲ್ಲರ್ ಸದ್ದು ಜಾಸ್ತಿ.

ಕಿಟಕಿ ಸೀಟಿಗೆ ಹೆಚ್ಚು ದುಡ್ಡು ಕೊಡುವ ಮುನ್ನ ಸೀಟಿನ ನಕ್ಷೆ ನೋಡಿ. ಬೋಯಿಂಗ್ 737ರಲ್ಲಿ ಹತ್ತು, ಹನ್ನೊಂದನೇ ಸಾಲಿನ ಆಸುಪಾಸು ಒಂದು ಸೀಟಿನ ಪಕ್ಕ ಕಿಟಕಿಯೇ ಇಲ್ಲ. ಎಸಿ ಗಾಳಿಯ ಕೊಳವೆ ಆ ಗೋಡೆಯೊಳಗೆ ಹೋಗಿದೆ. ಅಲ್ಲಿ ಕೂತು ಮೂರು ಗಂಟೆ ಪ್ಲಾಸ್ಟಿಕ್ ನೋಡಿದವನು ನಾನು.

ಫೋಟೊ ಹುಚ್ಚಿದ್ದರೆ, ಹೊಳಪು ತಗ್ಗಿಸಲು ಕ್ಯಾಮೆರಾ ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಮನೆಯಲ್ಲೇ ಬಿಡಿ. ವಿಮಾನದ ಕಿಟಕಿಯ ಪ್ಲಾಸ್ಟಿಕ್ಕಿಗೆ ಅದು ಸೇರಿದರೆ ಚಿತ್ರದ ತುಂಬ ಕಾಮನಬಿಲ್ಲಿನ ಪಟ್ಟೆ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಜೂಮ್ ಲೆನ್ಸ್ ದುಡ್ಡು ದಂಡ. ಕಪ್ಪು ಅಂಗಿ ಹಾಕಿಕೊಳ್ಳಿ, ಗಾಜಿನಲ್ಲಿ ನಿಮ್ಮದೇ ಬಿಂಬ ಮೂಡುವುದು ತಪ್ಪುತ್ತದೆ. ದಾಬೋಳಿಯಂಥ ಸೇನೆಯ ನೆಲದಲ್ಲಿ ಮಾತ್ರ ಕ್ಯಾಮೆರಾ ಚೀಲದೊಳಗೇ ಇರಲಿ.

ಹೆಜ್ಜೆ 6: ಹೋಟೆಲ್

ಕಾರ್ಖಾನೆ ಕಡೆಗೆ ಹೋಗುವ ಟಿ1 ಟ್ರಾಮ್ ಸಾಲಿನ ಹತ್ತಿರ ಎಲ್ಲಾದರೂ.

ಹೆಜ್ಜೆ 7: ಕಾರ್ಖಾನೆಯ ದಿನ

ಬೊಜೆಲ್-ಏರೋಸ್ಕೋಪಿಯಾ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಪಾಸ್‌ಪೋರ್ಟ್ ಮೂಲ ಪ್ರತಿಯೇ ಬೇಕು. ಜೆರಾಕ್ಸ್, ಮೊಬೈಲಿನ ಫೋಟೊ ನಡೆಯುವುದಿಲ್ಲ. ನನ್ನ ಪರಿಚಯದವರೊಬ್ಬರು ಕಳೆದುಹೋದೀತೆಂದು ಪಾಸ್‌ಪೋರ್ಟನ್ನು ಹೋಟೆಲಿನ ಲಾಕರಿನಲ್ಲಿ ಭದ್ರ ಮಾಡಿ ಬಂದಿದ್ದರು. ಹೆಂಡತಿ ಮಕ್ಕಳು ಒಳಗೆ, ಅವರು ಹೊರಗೆ.

ಒಳಗೆ ಫೋಟೊ ತೆಗೆಯುವಂತಿಲ್ಲ. ಕಣ್ಣಲ್ಲೇ ತುಂಬಿಕೊಳ್ಳಿ. ಗಮನಿಸಬೇಕಾದ್ದು ಒಂದೇ: ಅಲ್ಲಿ ವಿಮಾನವನ್ನು ಬುಡದಿಂದ ಮಾಡುವುದಿಲ್ಲ, ಜೋಡಿಸುತ್ತಾರೆ. ರೆಕ್ಕೆ ಬ್ರಿಟನ್ನಿನಿಂದ, ಒಡಲಿನ ತುಂಡುಗಳು ಜರ್ಮನಿಯಿಂದ ಮತ್ತು ಫ್ರಾನ್ಸಿನದೇ ಬೇರೆ ಊರಿಂದ ಬರುತ್ತವೆ. ಹೊತ್ತು ತರುವುದು ತಿಮಿಂಗಿಲದಂಥ ಬೆಲೂಗಾ ವಿಮಾನ. ಅದೃಷ್ಟವಿದ್ದರೆ ಅದು ಇಳಿಯುವುದೂ ಕಾಣುತ್ತದೆ. ಟೂರ್ ಹೊರಡುವ ಜಾಗದ ಪಕ್ಕದಲ್ಲೇ ಏರೋಸ್ಕೋಪಿಯಾ ಸಂಗ್ರಹಾಲಯ. ಇಲ್ಲಿ ಬೇಕಾದಷ್ಟು ಫೋಟೊ ತೆಗೆಯಿರಿ. 1969ರ ಮಾರ್ಚ್ 2ರಂದು ಇದೇ ಊರಿನಿಂದ ಮೊದಲು ಹಾರಿದ, ಸದ್ದಿಗಿಂತ ವೇಗವಾಗಿ ಓಡುತ್ತಿದ್ದ ಕಾನ್‌ಕಾರ್ಡ್ ಜಾತಿಯ ಎರಡು ವಿಮಾನಗಳು ಇಲ್ಲಿವೆ. ಒಳಹೊಕ್ಕರೆ ನಮ್ಮೂರಿನ ಮಿನಿ ಬಸ್ಸೇ ವಾಸಿ ಅನ್ನಿಸುವಷ್ಟು ಇಕ್ಕಟ್ಟು. ಹೊರಗೆ ಎರಡು ಮಹಡಿಯ ದೈತ್ಯ ವಿಮಾನ ಎ380 ಇದೆ. ಎರಡನ್ನೂ ಒಂದರ ಹಿಂದೊಂದು ಹತ್ತಿ ಇಳಿಯಿರಿ. ಅರ್ಧ ದಿನ ಸಾಲದು.

ಹೆಜ್ಜೆ 8: ಉಳಿದ ಊರು

ಕೆಂಪಿಟ್ಟಿಗೆಯ ಹಳೆಯ ಪೇಟೆ, 1681ರಲ್ಲಿ ತೆರೆದ ಕಾಲುವೆಯ ದಂಡೆ, ರಾಕೆಟ್ ನಿಲ್ಲಿಸಿರುವ ಅಂತರಿಕ್ಷ ಉದ್ಯಾನ. ಜೊತೆಗೆ ಬಂದ, ವಿಮಾನದ ಹುಚ್ಚಿಲ್ಲದ ಮನೆಯವರಿಗೆ ಎರಡು ದಿನ ಪೂರ್ತಿ ಕೊಡಿ. ಇಲ್ಲದಿದ್ದರೆ ಮುಂದಿನ ಪ್ರವಾಸಕ್ಕೆ ಅವರು ಬರುವುದಿಲ್ಲ.

ಚೀಲದ ವಿಷಯ ಮರೆತೆ. ಹಲಸಿನ ಹಪ್ಪಳ, ಚಿಪ್ಸ್ ತೊಂದರೆಯಿಲ್ಲ. ತುಪ್ಪ, ಪೇಡೆ ಬೇಡ. ಹಾಲಿನ ಪದಾರ್ಥವನ್ನು ಯುರೋಪಿನೊಳಗೆ ಬಿಡುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ಗಟ್ಟಿಯಾಗಿ ಕಟ್ಟಿ ದೊಡ್ಡ ಚೀಲಕ್ಕೆ ಹಾಕಿ. ಕೈಚೀಲದಲ್ಲಿದ್ದರೆ ಅದರ ರಸವೂ ದ್ರವದ ಲೆಕ್ಕಕ್ಕೇ ಬಂದು ತಪಾಸಣೆಯಲ್ಲಿ ತಡೆಯುತ್ತಾರೆ. ಅಕ್ಕ ಹಾಕಿಕೊಟ್ಟ ಒಂದು ಬಾಟಲಿಯನ್ನು ಬೆಂಗಳೂರಿನಲ್ಲೇ ಕಸದ ಡಬ್ಬಿಗೆ ಹಾಕಿ ಹೋಗಿದ್ದೆ. ಊಟ ಚೆನ್ನಾಗಿತ್ತಾ ಎಂದು ಅವಳು ಈಗಲೂ ಕೇಳುತ್ತಾಳೆ. ಚೆನ್ನಾಗಿತ್ತು ಎನ್ನುತ್ತೇನೆ.