ಭರತನಾಟ್ಯ ಕಲಿಯಲು ಮಗಳನ್ನು ಚಿಕ್ಕಮ್ಮನ ಮನೆಗೆ ಕಳಿಸುವ ಮುನ್ನ

ನನ್ನ ಅಕ್ಕನ ಮಗಳು ಭರತನಾಟ್ಯ ಕಲಿಯಲೆಂದು ಬೈಂದೂರಿನಿಂದ ಉಡುಪಿಗೆ, ನಮ್ಮ ಮನೆಗೆ ಬಂದಳು. ಮೂರು ವರ್ಷ ನಮ್ಮಲ್ಲೇ ಇದ್ದಳು. ನಿಮ್ಮ ಹುಡುಗಿಯನ್ನೂ ಹೀಗೆ ಕಳಿಸುವ ಯೋಚನೆ ಇದ್ದರೆ, ಅಥವಾ ನಿಮ್ಮ ಮನೆಗೆ ಒಬ್ಬಳು ಬರುವವಳಿದ್ದರೆ, ಕೆಲವು ವಿಷಯ ಮೊದಲೇ ಸರಿ ಮಾಡಿಕೊಳ್ಳಿ.

ಎಂಟನೇ ಕ್ಲಾಸಿಗೆ ಕಳಿಸುವುದು ಒಳ್ಳೆಯದು. ಹೈಸ್ಕೂಲಿಗೆ ಹೇಗೂ ಶಾಲೆ ಬದಲಾಗುತ್ತದೆ, ಟಿ.ಸಿ. ತರುವ ಓಡಾಟ ಒಂದೇ ಸಲಕ್ಕೆ ಮುಗಿಯುತ್ತದೆ. ಶಾಲೆ, ಡ್ಯಾನ್ಸ್ ಕ್ಲಾಸ್, ಮನೆ ಮೂರೂ ಒಂದೇ ಬಸ್ಸಿನ ದಾರಿಯಲ್ಲಿರಲಿ. ಸಂಜೆ ಎರಡು ಬಸ್ಸು ಹತ್ತಿಳಿದು ಬರುವ ಮಗುವಿಗೆ ಅರೆಮಂಡಿಯಲ್ಲಿ, ಅಂದರೆ ಮಂಡಿ ಬಾಗಿಸಿ ಅರ್ಧ ಕೂತ ಹಾಗೆ, ನಿಲ್ಲುವ ತ್ರಾಣ ಎಲ್ಲಿರುತ್ತದೆ?

ಫೀಸು, ಬಸ್ ಪಾಸು, ಗೆಜ್ಜೆ ಯಾರ ಖರ್ಚು ಅಂತ ದೊಡ್ಡವರು ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಕೇಳುವ ಸಂಕೋಚ ಮಗುವಿನ ತಲೆಗೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ ಅಭ್ಯಾಸದ ಜಾಗ. ಇದರಲ್ಲಿ ನಾನು ತಪ್ಪಿದೆ. ನಮ್ಮವರಿಗೆ ರಾತ್ರಿ ಪಾಳಿ, ಬೆಳಿಗ್ಗೆ ಬಂದು ಮಲಗುತ್ತಾರೆ. ಹುಡುಗಿ ಆರು ಗಂಟೆಗೆಲ್ಲ ಚಾವಡಿಯಲ್ಲಿ ತಟ್ಟಡವು, ಅಂದರೆ ಪಾದವನ್ನು ನೆಲಕ್ಕೆ ತಟ್ಟುವ ಮೊದಲ ಹೆಜ್ಜೆಗಳು, ಮಾಡುತ್ತಿದ್ದಳು. ಒಂದು ತಿಂಗಳಾದ ಮೇಲೆ ಟೀಚರ್ ನನ್ನನ್ನು ಕರೆದು, ‘ಇವಳ ಕಾಲಲ್ಲಿ ಸದ್ದೇ ಇಲ್ವಲ್ಲ’ ಅಂದರು. ಮಾರನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಹೆಜ್ಜೆಯ ಸೊಲ್ಲು ‘ತೈಯಾ ತೈ’ ಅಂತ ತುಟಿಯಲ್ಲೇ ಹೇಳಿಕೊಳ್ಳುತ್ತಾಳೆ. ಇಡೀ ಪಾದ ಒಟ್ಟಿಗೆ ನೆಲಕ್ಕೆ ಬೀಳಬೇಕು, ಇವಳು ಬೆರಳು ಮೊದಲು ಊರಿ ಆಮೇಲೆ ಹಿಮ್ಮಡಿ ಇಳಿಸುತ್ತಾಳೆ. ಬೆಕ್ಕು ನಡೆದ ಹಾಗೆ. ಕೇಳಿದ್ದಕ್ಕೆ, ‘ಚಿಕ್ಕಪ್ಪ ಎದ್ದುಬಿಡ್ತಾರೆ ಚಿಕ್ಕಮ್ಮ’ ಅಂದಳು. ನನಗೆ ಕರುಳು ಚುರ್ ಅಂದಿತು.

ಅವತ್ತೇ ಅಭ್ಯಾಸವನ್ನು ಸಂಜೆಗೆ, ಹಿಂದಿನ ಜಗಲಿಗೆ ಬದಲಾಯಿಸಿದೆವು. ಸರಿಯಾಗಿ ಸದ್ದು ಬರಲು ಮತ್ತೆರಡು ತಿಂಗಳು ಹಿಡಿಯಿತು. ಹಾಗಾಗಿ ಹುಡುಗಿ ಬಂದ ಮೊದಲ ದಿನವೇ ಜಾಗ ತೋರಿಸಿ, ‘ಈ ಹೊತ್ತಿಗೆ ಇಲ್ಲಿ ಜೋರಾಗಿ ತಟ್ಟು, ಯಾರೂ ಏನೂ ಅನ್ನುವುದಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ಅದನ್ನು ಮನೆಯ ಗಂಡಸರೂ ಹೇಳಲಿ. ಫ್ಲ್ಯಾಟ್ ಆದರೆ ಕೆಳಗಿನ ಮನೆಯವರ ಹತ್ತಿರ ನೀವೇ ಹೋಗಿ ಮಾತಾಡಿ. ಗ್ರಾನೈಟ್, ಟೈಲ್ಸ್ ಮೇಲೆ ಜಾಸ್ತಿ ಹೊತ್ತು ಬೇಡ, ಮೊಣಕಾಲಿನ ಕೆಳಗೆ ನೋವು ಶುರುವಾಗುತ್ತದೆ.

ನಮ್ಮ ಮಳೆಗಾಲ ಗೊತ್ತಲ್ವಾ? ಅಭ್ಯಾಸದ ಸೀರೆ ಒಣಗುವುದೇ ಇಲ್ಲ. ಮೂರು ಜೊತೆಯಾದರೂ ಕೊಟ್ಟು ಕಳಿಸಿ. ನೆಲವೂ ಬೆವರುತ್ತದೆ, ಒಣಬಟ್ಟೆಯಲ್ಲಿ ಒರೆಸಿದ ಮೇಲೆಯೇ ನಿಲ್ಲಲಿ. ಹೊಟ್ಟೆ ತುಂಬಾ ಉಂಡು ಕುಣಿಯುವುದು ಬೇಡ. ಅಭ್ಯಾಸ ಮುಗಿಸಿ ಬಂದಾಗ ಬಿಸಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ ಇರಲಿ.

ಭರತನಾಟ್ಯದ ಜೂನಿಯರ್ ಪರೀಕ್ಷೆ ಯಾವ ವರ್ಷ ಕಟ್ಟುವುದು ಅಂತ ಟೀಚರನ್ನು ಮೊದಲೇ ಕೇಳಿ. ಎಸ್ಸೆಸ್ಸೆಲ್ಸಿ ವರ್ಷಕ್ಕೆ ತಾಗದಿದ್ದರೆ ಒಳ್ಳೆಯದು. ಥಿಯರಿಯೂ ಇರುತ್ತದೆ.

ಊರಿಗೆ ತಿಂಗಳಿಗೆರಡು ಸಲವಾದರೂ ಹೋಗಲಿ. ರೈಲಿಗೆ ಇಂದ್ರಾಳಿಯ ಸ್ಟೇಷನ್ನಿಗೆ ಹೋಗಬೇಕು, ನಮಗೆ ಬಸ್ಸೇ ಸಲೀಸಾಗಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಹತ್ತಿಸಿ. ಗೆಜ್ಜೆ ನಿಮ್ಮಲ್ಲೇ ಇರಲಿ. ಅಮ್ಮನ ಹತ್ತಿರ ಹೋಗಿ ಅವಳು ಸುಮ್ನೆ ಮಲಗಲಿ.