ಗೆಲಿಲಿಯೋನ ಇಳಿಜಾರು, ನಮ್ಮ ಮನೆಯ ಬಕೆಟ್ಟು

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡಲು ಶುರು ಮಾಡಿ ಹದಿನಾಲ್ಕು ವರ್ಷ ಆಯಿತು. ಗೆಲಿಲಿಯೋ ಹೆಸರನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅವನು ಬರೆದದ್ದರಲ್ಲಿ ಒಂದು ಪುಟವನ್ನೂ ಓದಿರಲಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಓದಿದೆ. ಓದಿ ಸುಮ್ನೆ ಕೂರಲಾಗದೆ, ಅದರಲ್ಲಿನ ಇಳಿಜಾರಿನ ಪ್ರಯೋಗವನ್ನು ಮಾಡಿಯೂ ನೋಡಿದೆ.

ಅವನ ಪುಸ್ತಕಗಳಲ್ಲಿ ಸದ್ದು ಮಾಡಿದ್ದು ಬೇರೆಯವು. 1610ರ 'ಸಿಡೇರಿಯಸ್ ನುನ್ಸಿಯಸ್' ತೆಳ್ಳಗಿನ ಪುಸ್ತಕ. ಗುರುಗ್ರಹದ ನಾಲ್ಕು ಚಂದ್ರರ ಸುದ್ದಿ ಬಂದದ್ದು ಅದರಲ್ಲೇ. 1632ರ 'ಡಯಲಾಗ್' ಅವನನ್ನು ಚರ್ಚಿನ ವಿಚಾರಣೆಗೆ ಎಳೆಯಿತು. ನಾನು ಹಿಡಿದದ್ದು 1638ರ 'ಎರಡು ಹೊಸ ವಿಜ್ಞಾನಗಳು', ಅವನ ಕೊನೆಯ ದೊಡ್ಡ ಪುಸ್ತಕ. ಅಷ್ಟು ಹೊತ್ತಿಗೆ ಅವನು ಗೃಹಬಂಧನದಲ್ಲಿದ್ದ, ಕಣ್ಣೂ ಹೋಗಿತ್ತು. ಇಟಲಿಯಲ್ಲಿ ಅಚ್ಚು ಹಾಕಿಸುವ ಹಾಗಿರಲಿಲ್ಲ. ಹಾಲೆಂಡಿನ ಲೈಡನ್ ಊರಿನಲ್ಲಿ ಅಚ್ಚಾಯಿತು.

ಮೂವರು ಕೂತು ದಿನಗಟ್ಟಲೆ ಮಾತಾಡುವ ಪುಸ್ತಕ ಅದು. ಮೂರನೆಯ ದಿನ, ಬೀಳುವ ಹೊತ್ತು ದುಪ್ಪಟ್ಟಾದರೆ ದೂರ ನಾಲ್ಕು ಪಟ್ಟು ಎಂಬ ಲೆಕ್ಕ ಕೇಳಿ, ಅವರಲ್ಲೊಬ್ಬನಾದ ಸಿಂಪ್ಲಿಚಿಯೊ, ನಮ್ಮ ಕ್ಲಾಸಿನ ಹಿಂದಿನ ಬೆಂಚಿನ ಹುಡುಗನ ಹಾಗೆ, ಇದೆಲ್ಲ ಸರಿ, ನಿಜವಾಗಿಯೂ ವಸ್ತುಗಳು ಹೀಗೆ ಬೀಳುತ್ತವಾ ಎಂದು ಅನುಮಾನ ಎತ್ತುತ್ತಾನೆ. ಉತ್ತರವಾಗಿ ಬರುವುದು ಒಂದು ಅಡುಗೆ ವಿಧಾನದಂಥ ಪ್ಯಾರಾ. ಹನ್ನೆರಡು ಬ್ರಾಚಿಯೊ ಉದ್ದದ ಮರದ ತೊಲೆ, ಮೂರು ಬೆರಳು ದಪ್ಪ. ಅದರಲ್ಲಿ ಒಂದು ಬೆರಳಿಗಿಂತ ಸ್ವಲ್ಪ ಅಗಲದ ನೇರ ಕಾಲುವೆ. ಒಳಗೆ ನುಣುಪಾದ ಚರ್ಮದ ಹಾಳೆ. ಉರುಳಿಸಲು ಗಟ್ಟಿ ಕಂಚಿನ ಗುಂಡು. ಬ್ರಾಚಿಯೊ ಅಂದರೆ ತೋಳು, ನಮ್ಮ ಮೊಳಕ್ಕಿಂತ ದೊಡ್ಡದು. ಹನ್ನೆರಡಕ್ಕೆ ಸುಮಾರು ಏಳು ಮೀಟರ್. ನಮ್ಮ ಹಾಲ್ ಅಷ್ಟು ಉದ್ದ ಇಲ್ಲ.

ಹಾಗಾಗಿ 240 ಸೆಂಟಿಮೀಟರಿಗೆ ಇಳಿದೆ. ಮೊದಲು ವೈರಿಂಗ್ ಪೈಪನ್ನು ಸೀಳಿ ಗೋಲಿ ಬಿಟ್ಟೆ. ಗೋಲಿ ಕುಣಿಯಿತು, ಆಚೆ ಹಾರಿತು. ಆಮೇಲೆ ಅಲ್ಯೂಮಿನಿಯಂ ಆಂಗಲ್ ತಂದು, ವಿ ಆಕಾರದಲ್ಲಿ ಮೇಲಕ್ಕೆ ಬಾಯಿ ಬರುವ ಹಾಗೆ ರೀಪರಿಗೆ ಬಿಗಿದೆ. ಬೇರಿಂಗಿನ ಒಂದಿಂಚಿನ ಉಕ್ಕಿನ ಗುಂಡು ಸಿಕ್ಕಿತು. ಒಂದು ತುದಿಯನ್ನು 10 ಸೆಂಟಿಮೀಟರ್ ಎತ್ತಿದೆ.

ಸೆಕೆಂಡ್ ತೋರಿಸುವ ಗಡಿಯಾರ ಗೆಲಿಲಿಯೋ ಹತ್ತಿರ ಇರಲಿಲ್ಲ. ನೀರು ತೂಗಿದ. ಎತ್ತರದಲ್ಲಿ ಇಟ್ಟ ಪಾತ್ರೆ, ಅದರ ತಳಕ್ಕೆ ಸಣ್ಣ ಕೊಳವೆ. ಗುಂಡು ಉರುಳುವಷ್ಟು ಹೊತ್ತು ಬಿದ್ದ ನೀರನ್ನು ಲೋಟದಲ್ಲಿ ಹಿಡಿದು ತಕ್ಕಡಿಗೆ ಹಾಕುವುದು. ಉದ್ದದ ಕಾಲು ಭಾಗ ಉರುಳಲು ಪೂರ್ತಿ ಉದ್ದದ ಅರ್ಧ ಹೊತ್ತು ಸಾಕು ಎಂದು ಅವನ ಮಾತು.

ನಾನು ಒಂದು ಲೀಟರ್ ಬಾಟಲಿಯ ತಳ ಕತ್ತರಿಸಿ, ತಲೆಕೆಳಗೆ ಮಾಡಿ, ಬಾಯಿಗೆ ಅಕ್ವೇರಿಯಂ ಪೈಪ್ ಸಿಕ್ಕಿಸಿದೆ. ಕಾಲು ಭಾಗಕ್ಕೆ 47 ಗ್ರಾಂ ಬಂತು. ಪೂರ್ತಿಗೆ 87. ದುಪ್ಪಟ್ಟು ಎಲ್ಲಿ? ಎರಡು ದಿನ ಗುಂಡಿನ ಮೇಲೆ ಅನುಮಾನ ಪಟ್ಟೆ, ಆಂಗಲ್ ಮೇಲೆ ಪಟ್ಟೆ, ಒಂದು ಗಳಿಗೆ ಗೆಲಿಲಿಯೋ ಮೇಲೂ ಪಟ್ಟೆ. ಮತ್ತೆ ಪುಸ್ತಕ ತೆಗೆದರೆ ಅಲ್ಲೇ ಇದೆ: 'ದೊಡ್ಡ' ಪಾತ್ರೆ. ಆ ಒಂದು ಪದವನ್ನು ನಾನು ಹಾರಿಸಿ ಓದಿದ್ದೆ. ಬಾಟಲಿಯಲ್ಲಿ ನೀರಿನ ಮಟ್ಟ ಬೇಗ ಇಳಿಯುತ್ತದೆ, ಧಾರೆಯೂ ಸಣ್ಣಗಾಗುತ್ತದೆ. ಸ್ನಾನದ ಬಕೆಟ್ಟಿಗೆ ತೂತು ಕೊರೆದೆ. ಮನೆಯಲ್ಲಿ ಆ ಬಗ್ಗೆ ಇನ್ನೂ ಮಾತು ಕೇಳುತ್ತಿದ್ದೇನೆ.

ಬಕೆಟ್ ಬಂದ ಮೇಲೆ ಸರಾಸರಿ ಪೂರ್ತಿಗೆ 92 ಗ್ರಾಂ, ಕಾಲು ಭಾಗಕ್ಕೆ 47. ಕೆಳಗೆ ಮರದ ತುಂಡು ಇಟ್ಟು, ಗುಂಡು ಬಡಿದ 'ಟಕ್' ಕೇಳಿ ಹೆಬ್ಬೆರಳಿನಿಂದ ಪೈಪ್ ಮುಚ್ಚುತ್ತಿದ್ದೆ. ಕಣ್ಣಿಗಿಂತ ಕಿವಿ ವಾಸಿ. ನೂರು ಸಲ ಮಾಡಿದೆವು, ನಾಡಿಬಡಿತದ ಹತ್ತನೇ ಒಂದರಷ್ಟೂ ವ್ಯತ್ಯಾಸ ಬರಲಿಲ್ಲ ಎಂದು ಅವನು ಬರೆದಿದ್ದಾನೆ. ಇದನ್ನು ನಂಬದ ಇತಿಹಾಸಕಾರರೂ ಇದ್ದರು. 1961ರಲ್ಲಿ ಥಾಮಸ್ ಸೆಟಲ್ ಎನ್ನುವವರು ಹೀಗೇ ಮಾಡಿ, ಆಗುತ್ತದೆ ಎಂದು ತೋರಿಸಿದರು. ನನಗೆ ನಲವತ್ತು ಸಲಕ್ಕೇ ಸೊಂಟ ಹಿಡಿಯಿತು. ಕೊನೆಯ ಹತ್ತರಲ್ಲಿ ವ್ಯತ್ಯಾಸ ಎರಡು ಗ್ರಾಂ ಒಳಗಿತ್ತು. ನನ್ನ ಧಾರೆಯಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗ. ಅವನ ಮಾತು ಬಡಾಯಿ ಅಲ್ಲ.

ನನ್ನ ನಿಜವಾದ ಪೆಟ್ಟು ಬೇರೆ. ಮೇಷ್ಟ್ರ ಬುದ್ಧಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು 'ಜಿ', ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಏರುತ್ತದೆ ಎಂಬ ಸಂಖ್ಯೆ, ಲೆಕ್ಕ ಹಾಕಿದೆ. ಪೂರ್ತಿ ಉದ್ದಕ್ಕೆ 4.6 ಸೆಕೆಂಡ್. ಪಠ್ಯಪುಸ್ತಕದ ಸೂತ್ರಕ್ಕೆ ಹಾಕಿದರೆ 9.8 ಬರಬೇಕಾದಲ್ಲಿ ಸುಮಾರು 5.4! ತಪ್ಪು ಗುಂಡಿನದ್ದಲ್ಲ. ಅದು ಜಾರುತ್ತಿಲ್ಲ, ಉರುಳುತ್ತಿದೆ. ತಿರುಗುವುದಕ್ಕೂ ಒಂದು ಪಾಲು ಶಕ್ತಿ ಹೋಗುತ್ತದೆ. ವಿ ಕಾಲುವೆಯಲ್ಲಿ ಗುಂಡು ಬದಿಗಳ ಮೇಲೆ ಕೂರುವುದರಿಂದ ಆ ಪಾಲು ಇನ್ನೂ ಜಾಸ್ತಿ. ಉರುಳುವ ಲೆಕ್ಕ ಸೇರಿಸಿದರೆ ಎಲ್ಲ ಸರಿಹೋಗುತ್ತದೆ.

ಈ ಲೆಕ್ಕ ಗೆಲಿಲಿಯೋಗೆ ಗೊತ್ತಿರಲಿಲ್ಲ. ಆದರೂ ಅವನು ಎಡವಲಿಲ್ಲ. ಯಾಕೆಂದರೆ ಅವನ ಪುಟದಲ್ಲಿ 'ಜಿ' ಇಲ್ಲ, ಸೆಕೆಂಡ್ ಇಲ್ಲ, ನಾವು ಬಾಯಿಪಾಠ ಮಾಡಿಸುವ ಆ ಸೂತ್ರವೂ ಇಲ್ಲ. ಇರುವುದು ಹೋಲಿಕೆ ಮಾತ್ರ: ಈ ದೂರಕ್ಕೆ ಆ ದೂರ, ಈ ನೀರಿಗೆ ಆ ನೀರು. ಗುಂಡು ತಿರುಗುವ ಖರ್ಚು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇರುವುದರಿಂದ ಹೋಲಿಕೆಯಲ್ಲಿ ಅದು ಕಾಣದೆ ಹೋಗುತ್ತದೆ. ನಾನು ಇಷ್ಟು ವರ್ಷ 'ಗೆಲಿಲಿಯೋನ ಸೂತ್ರ' ಎಂದು ಬರೆಸಿದ್ದನ್ನು ಅವನೇ ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ, ಅಲ್ವಾ?

ಕೊನೆಗೆ ಇನ್ನೊಂದು ಮಾಡಿದೆ. ಇದು ಪುಸ್ತಕದಲ್ಲಿ ಇಲ್ಲ. ಅವನ ಕೈಬರಹದ ಟಿಪ್ಪಣಿಗಳನ್ನು ಜಾಲಾಡಿದ ಇತಿಹಾಸಕಾರ ಸ್ಟಿಲ್‌ಮನ್ ಡ್ರೇಕ್ ಅವರ ಊಹೆ: ಗೆಲಿಲಿಯೋ ತಂತಿಗಳನ್ನು ಅಡ್ಡ ಕಟ್ಟಿ, ತಾಳ ಕೇಳಿ ದೂರ ಅಳೆದಿರಬಹುದು. ಅವನ ಅಪ್ಪ ಲ್ಯೂಟ್ ಎಂಬ ತಂತಿವಾದ್ಯ ನುಡಿಸುವವನು. ಕಾಲುವೆಯಲ್ಲಿ 15, 60, 135 ಸೆಂಟಿಮೀಟರ್‌ಗಳಲ್ಲಿ ದಾರ ಅಂಟಿಸಿದೆ, 240ರಲ್ಲಿ ಮರದ ತುಂಡು. ಒಂದು, ನಾಲ್ಕು, ಒಂಬತ್ತು, ಹದಿನಾರು: ಅವನ ಮಾತು ನಿಜವಾದರೆ 'ಟಕ್'ಗಳು ಸಮ ಅಂತರದಲ್ಲಿ ಕೇಳಬೇಕು. ಸಂಗೀತ ಕಲಿಯುವ ಮಗಳನ್ನು ಕರೆದು, ಕಣ್ಣು ಮುಚ್ಚಿ ಕೇಳು ಎಂದು ಗುಂಡು ಬಿಟ್ಟೆ. ಅವಳ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕಿತು. ಮೂರನೆಯದು ಸ್ವಲ್ಪ ತಡ ಬಂತು ಅಂದಳು. ಅಳೆದು ನೋಡಿದರೆ ಆ ದಾರ ಒಂದು ಬೆರಳು ಕೆಳಗೆ ಅಂಟಿತ್ತು.